ಎಂತ ಹೊತ್ತ ಗಾಡಿ ಇದು?

19 ಜನವರಿ 2025, ಭಾನುವಾರ

ಬೆಳಗ್ಗೆ ಐದೂವರೆಗೇ ಭಾವ ಬಂದು ಅಂಗಳದಲ್ಲಿ ನಿಂತು ಕೆಮ್ಮಿದರು. ಗಾಡಿ ರಿಪೇರಿಯ ಮೇಸ್ತ್ರಿಯನ್ನು ದಾರಿಯಲ್ಲಿ ಹತ್ತಿಸಿಕೊಂಡು ಹಳೇ ಪಿಕಪ್ ಒಂದನ್ನ ನೋಡೋಕೆ ಹೊರಟೆವು. ಮಂಡಗದ್ದೆಯಿಂದ ತೀರ್ಥಹಳ್ಳಿವರೆಗೂ ಮಂಜು, ಪಕ್ಕದಲ್ಲೇ ಹರಿಯೋ ತುಂಗೆ ಒಂದು ಕಡೆಯೂ ಕಾಣಲಿಲ್ಲ. ಇಷ್ಟು ಬೇಗ ಯಾಕಂದ್ರೆ, ಡೀಸೆಲ್ ಗಾಡಿ ನೋಡಬೇಕಾದ್ದು ಅದು ತಣ್ಣಗಿರುವಾಗ. ಬಿಸಿ ಇಂಜಿನ್ನಾದರೆ ಎಂಥ ಮುದುಕನೂ ಎದ್ದು ಕೂರುತ್ತೆ. ನಿನ್ನೆ ರಾತ್ರಿಯೇ ಮಾರುವವರಿಗೆ ಫೋನ್ ಮಾಡಿ, ನಾವು ಬರೋವರೆಗೆ ಚಾವಿ ಮುಟ್ಟಬೇಡಿ ಅಂದಿದ್ದೆ.

ಈ ಸಲದ ಕೊಯ್ಲಿನಲ್ಲಿ ಬಾಡಿಗೆ ಗಾಡಿಗೆ ಕೊಟ್ಟಿದ್ದನ್ನೆಲ್ಲ ಕೂಡಿಸಿ ನೋಡಿದ ದಿನದಿಂದ ಪಿಕಪ್ಪಿನ ಹುಚ್ಚು ಹಿಡಿದಿದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸಿಗೆ ಅಡಿಕೆ ಮೂಟೆ ಹಾಕಬೇಕು, ಬರುವಾಗ ಗೊಬ್ಬರ, ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ. ಹೊಸದು ತಗೊಳ್ಳೋ ಶಕ್ತಿ ಇಲ್ಲ. ಹಳೇದಾದರೂ ಸೈ ಅಂತ ಒಂದು ತಿಂಗಳಿಂದ ಹುಡುಕುತ್ತಿದ್ದೇನೆ. ಇವತ್ತಿನದು 2014ರ ಬೊಲೆರೊ ಪಿಕಪ್, 2523 ಸಿಸಿ. ಹೇಳಿದ ರೇಟು ಮೂರು ಲಕ್ಷದ ಅರವತ್ತು ಸಾವಿರ.

ಬಾನೆಟ್ ಮೇಲೆ ಇಬ್ಬನಿ ಹಾಗೇ ಕೂತಿತ್ತು. ಮೇಸ್ತ್ರಿ ಆದರೂ ಬಾನೆಟ್ ಎತ್ತಿ ಇಂಜಿನ್ನಿಗೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಆ ಮನುಷ್ಯ ಮಾತು ಉಳಿಸಿಕೊಂಡಿದ್ದಾರೆ ಅನ್ನಿಸಿ ಅಲ್ಲೇ ಅರ್ಧ ಸೋತೆ. ಸೆಲ್ಫ್ ಸ್ಟಾರ್ಟರಿನ ಅರ್ಧ ಸುತ್ತಿಗೇ ಇಂಜಿನ್ ಸ್ಟಾರ್ಟ್ ಆಯ್ತು. ಸೈಲೆನ್ಸರಿನಿಂದ ಒಂಚೂರು ಬಿಳಿ ಹೊಗೆ ಬಂತು, ಅರ್ಧ ನಿಮಿಷದಲ್ಲಿ ಹೋಯ್ತು. ಬೆಳಗಿನ ಚಳಿಗೆ ಅಷ್ಟು ಬಂದೇ ಬರುತ್ತಂತೆ; ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು, ನೀಲಿ ಬಂದರೆ ಇಂಜಿನ್ ಆಯಿಲ್ ಕುಡೀತಾ ಇದೆ, ಕಪ್ಪಾದರೆ ಇಂಜೆಕ್ಟರೋ ಏರ್ ಫಿಲ್ಟರೋ ನೋಡಬೇಕು. ಆಮೇಲೆ ಓಡುತ್ತಿದ್ದ ಇಂಜಿನ್ನಿನ ಆಯಿಲ್ ಮುಚ್ಚಳ ತಿರುಗಿಸಿ ಹಾಗೇ ಬಾಯಿಯ ಮೇಲೆ ಇಟ್ಟರು. ಮುಚ್ಚಳ ಸುಮ್ಮನೆ ನಡುಗಿತು, ಹಾರಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಉಗಿಬಂಡಿ ಥರ ಹೊಗೆ ಉಗುಳಿ ಮುಚ್ಚಳವನ್ನೇ ತಳ್ಳುತ್ತಿತ್ತು.

"ಇಂಜಿನ್ ಒಳ್ಳೇದಿದೆ" ಅಂದರು ಮೇಸ್ತ್ರಿ. ಅವರ ಬಾಯಲ್ಲಿ ಇಂಥ ಮಾತು ಬರೋದು ವರ್ಷಕ್ಕೊಂದು ಸಲ.

ಮೀಟರಿನಲ್ಲಿ ಒಂದು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್. ಹಳದಿ ಬೋರ್ಡಿನ ಗಾಡಿ ಹತ್ತು ವರ್ಷದಲ್ಲಿ ಇಷ್ಟೇ ಓಡಿದ್ದು ಅಂದರೆ ನಂಬೋಕೆ ನಾನು ಅಷ್ಟು ಪಾಪದವನಲ್ಲ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಮೀಟರು ಹೇಳದ್ದನ್ನ ಪೆಡಲು ಹೇಳುತ್ತೆ. ಟೈರಿನ ಮೇಲೆ 3922 ಅಂತಿತ್ತು, ಅಂದರೆ 2022ರ 39ನೇ ವಾರ ತಯಾರಾಗಿದ್ದು. ಅದಕ್ಕೆ ತಕರಾರಿಲ್ಲ.

ಮೇಗರವಳ್ಳಿ ಕಡೆಗೆ ಒಂದು ಸುತ್ತು ಹೊಡೆದೆವು. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಟ್ಟಾಗ ಇಂಜಿನ್ ಮರ್ಯಾದೆಯಾಗಿ ಆಫ್ ಆಯ್ತು, ಹಾಗಾಗಿ ಕ್ಲಚ್ ಪ್ಲೇಟಿನಲ್ಲಿ ಇನ್ನೂ ಜೀವ ಇದೆ. ಏರಿನಲ್ಲಿ ಎಳೆತ ಚೆನ್ನಾಗಿತ್ತು, ಹಿಂದಿನ ಆಕ್ಸಲಿನ ಕ್ರೌನ್ ಗೇರಿನ ಗುಂಯ್ ಶಬ್ದವೂ ಇರಲಿಲ್ಲ. ಜೇಬಿನಲ್ಲಿ ಅಡ್ವಾನ್ಸಿಗೆ ಅಂತ ಇಟ್ಟುಕೊಂಡಿದ್ದ ಇಪ್ಪತ್ತು ಸಾವಿರವನ್ನ ಎರಡು ಸಲ ಮುಟ್ಟಿ ನೋಡಿಕೊಂಡೆ.

ವಾಪಸ್ ಬಂದ ಮೇಲೆ ಮೇಸ್ತ್ರಿ ಒಂದು ಗೋಣಿಚೀಲ ಕೇಳಿದರು. ಅದನ್ನ ಹಾಸಿ, ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ತೂರಿದರು. ಒಂದೆರಡು ನಿಮಿಷ ಠಣ್ ಠಣ್ ಅಂತಲೇ ಕೇಳಿಸಿತು. ಹಿಂದಿನ ಚಕ್ರ ದಾಟಿದ ಮೇಲೆ ಶಬ್ದ ಬದಲಾಯ್ತು, ಒಡೆದ ಗಡಿಗೆ ಬಡಿದ ಹಾಗೆ.

"ಕಪ್ಪು ಬಣ್ಣ ಯಾವಾಗ ಹೊಡೆಸಿದ್ರಿ?" ಒಳಗಿಂದಲೇ ಕೇಳಿದರು.

"ಎಫ್‌ಸಿಗೆ ಅಂತ ಹೊಡೆಸಿದ್ದು ಮಾರಾಯ್ರೆ. ಎಲ್ರೂ ಹೊಡೆಸ್ತಾರಲ್ಲ."

ನಿಜ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್ ಮಾಡಿಸಬೇಕು, ಅದಕ್ಕೆ ಮುಂಚೆ ಎಲ್ಲರೂ ಬಣ್ಣ ಹೊಡೆಸುತ್ತಾರೆ. ಆದರೆ ಸುತ್ತಿಗೆಯ ತುದಿಯಿಂದ ಕೆರೆದಾಗ ಬಣ್ಣದ ಜೊತೆಗೇ ಗಾಡಿಯ ಬೆನ್ನೆಲುಬಾದ ಚಾಸಿಯ ಕಬ್ಬಿಣ ಹಪ್ಪಳದ ಹಾಗೆ ಎದ್ದು ಬಂತು. ನನ್ನ ಕೈಗೂ ಒಂದು ತುಂಡು ಕೊಟ್ಟರು. ಪದರ ಪದರ, ಹಿಡಿದರೆ ಪುಡಿ.

ಭಾವ ಹಿಂದೆ ಹಾಸಿದ್ದ ಮ್ಯಾಟು ಎತ್ತಿದರು. ಎರಡೂ ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ತೂತು. ತುಕ್ಕು ತಿಂದು ಆದದ್ದಲ್ಲ, ಡ್ರಿಲ್ ಹಾಕಿದ್ದು, ಅಂಚು ದುಂಡಗೆ ಇತ್ತು. "ಇದರಲ್ಲಿ ಎಂತ ಹೊತ್ತಿದ್ರಿ?" ಅಂದರು. "ಬರೀ ಹುಲ್ಲು, ದರಗು, ಅಡಿಕೆ ಸಿಪ್ಪೆ" ಅಂತ ಉತ್ತರ ಬಂತು. ಹುಲ್ಲು ಹೊರೋ ಗಾಡಿಗೆ ನೀರು ಇಳಿಯೋ ತೂತು ಯಾಕೆ? ಭಾವ ನನ್ನ ಮುಖ ನೋಡಿದರು, ನಾನು ನಂಬರ್ ಪ್ಲೇಟ್ ನೋಡಿದೆ. ಕೆಎ 20. ಉಡುಪಿ ಪಾಸಿಂಗು. ಬೆಳಗ್ಗೆಯಿಂದ ಕಣ್ಣೆದುರಿಗೇ ಇತ್ತು, ಹೊಳೆಯಲೇ ಇಲ್ಲ. ನಮ್ಮ ಶಿವಮೊಗ್ಗದ್ದು 14, ಸಾಗರದ್ದು 15 ಅಂತ ಉರು ಹೊಡೆದವನಂತೆ ಹೇಳುವ ನನಗೆ!

"ನಾನು ತಗೊಂಡ ಮೇಲೆ ಹುಲ್ಲೇ. ಅದಕ್ಕೂ ಮುಂಚೆ ಮಲ್ಪೆ ಬಂದರಿನಲ್ಲಿತ್ತು" ಅಂತ ಆಮೇಲೆ ಮೆತ್ತಗೆ ಒಪ್ಪಿಕೊಂಡರು.

ಮೀನಿನ ಗಾಡಿ. ಮಂಜುಗಡ್ಡೆ ಕರಗಿದ ನೀರು ಮೀನಿನ ಉಪ್ಪಿನ ಜೊತೆ ಆ ತೂತಿನಿಂದ ದಿನವೂ ಚಾಸಿಯ ಮೇಲೆ ಸುರಿದಿದೆ. ಮಳೆ ನೀರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಲ್ಲೂ ಹಳೆ ಜೀಪುಗಳು ಬದುಕಿವೆ. ಮಳೆ ನೀರು ತೊಳೆದುಕೊಂಡು ಹೋಗುತ್ತೆ, ಗಾಡಿ ಒಣಗುತ್ತೆ. ಉಪ್ಪು ಹಾಗಲ್ಲ, ಸಂದಿಯಲ್ಲಿ ಕೂತು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತೆ. ನಮ್ಮ ಮಳೆಗಾಲದಲ್ಲಿ ಅದಕ್ಕೆ ನಾಲ್ಕು ತಿಂಗಳು ಹಬ್ಬ.

ಇಷ್ಟು ದಿನ ನಾನು ಎಲ್ಲರನ್ನೂ ಕೇಳುತ್ತಿದ್ದದ್ದು ಯಾವ ಮಾಡೆಲ್, ಎಷ್ಟು ಓಡಿದೆ, ಎಷ್ಟನೇ ಓನರ್. ಎಂತ ಹೊತ್ತಿದೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಕೆಂಪುಕಲ್ಲು, ಮರಳು ಹೊತ್ತಿದ್ದರೆ ಹಿಂದಿನ ಲೀಫ್ ಸ್ಪ್ರಿಂಗು ಬೆನ್ನು ಬಿಟ್ಟಿರುತ್ತೆ. ಒಂದೂಕಾಲು ಟನ್ನಿನ ಗಾಡಿಗೆ ಎರಡೂವರೆ ಟನ್ ತುಂಬಿದವರನ್ನ ನಾನೇ ನೋಡಿದ್ದೇನೆ. ತುಕ್ಕಿನ ವಿಷಯದಲ್ಲಿ ಗೊಬ್ಬರದ ಗಾಡಿಯೂ ಮೀನಿನ ಗಾಡಿಯ ದಾಯಾದಿಯೇ. ಶಾಮಿಯಾನದವರ ಗಾಡಿ ಸಿಕ್ಕರೆ ಪುಣ್ಯ ಅಂತಾರೆ ಮೇಸ್ತ್ರಿ, ಅವರದು ಬಟ್ಟೆ, ಕುರ್ಚಿ, ಮದುವೆ ಸೀಸನ್ ಮುಗಿದರೆ ಶೆಡ್ಡಿನಲ್ಲಿ ನಿದ್ದೆ.

ಕಾಗದಪತ್ರ ನೋಡೋ ಉತ್ಸಾಹ ಆಗಲೇ ಇಳಿದಿತ್ತು. ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಇನ್ನೂ ಹಾಗೇ ಇತ್ತು. ಸಾಲ ತೀರಿದೆ ಅಂದರು. ತೀರಿದ್ದರೆ ಫೈನಾನ್ಸಿನವರ ಎನ್‌ಒಸಿಯೂ, ಆರ್‌ಸಿಯಿಂದ ಅವರ ಹೆಸರು ತೆಗೆಸೋ ಫಾರಂ 35ಊ ಕೈಯಲ್ಲಿ ಇರಬೇಕಿತ್ತು. ಇರಲಿಲ್ಲ.

ಆದರೂ ನನಗೆ ಬಿಡೋಕೆ ಮನಸ್ಸಿಲ್ಲ. ಆ ಇಂಜಿನ್ನಿನ ಶಬ್ದ ಕಿವಿಯಲ್ಲೇ ಇತ್ತು. ಎರಡೂವರೆ ಲಕ್ಷಕ್ಕೆ ಕೇಳೋಣ, ಚಾಸಿಗೆ ಪ್ಲೇಟ್ ಹಾಕಿ ವೆಲ್ಡ್ ಮಾಡಿಸೋಣ ಅಂದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಹಳೆ ಪಂಚೆಗೆ ಹೊಸ ತೇಪೆ ಹಾಕಿದ್ರೆ ಹರಿಯೋದು ತೇಪೆ ಪಕ್ಕದಲ್ಲಿ. ಲೋಡ್ ಹಾಕಿ ಘಾಟಿ ಇಳಿಯುವಾಗ ಹರಿದ್ರೆ ಎಂತ ಮಾಡ್ತೀರಿ?" ಅಂದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಒಮ್ಮೆಲೇ ಕಣ್ಣ ಮುಂದೆ ಬಂತು. ಫೋನ್ ಮಾಡ್ತೀವಿ ಅಂತ ಹೇಳಿ ಹೊರಟೆವು. ಮಾಡೋದಿಲ್ಲ ಅಂತ ಅವರಿಗೂ ಗೊತ್ತು. ಕೊಟ್ಟ ಕಾಫಿ ಮಾತ್ರ ಚೆನ್ನಾಗಿತ್ತು.

ಮೇಸ್ತ್ರಿಗೆ ಐನೂರು ಕೊಡಹೋದರೆ ಗಾಡಿ ತಗೊಂಡ ದಿನ ಕೊಡಿ ಅಂದರು. ರಿಪ್ಪನ್‌ಪೇಟೆ ಕಡೆ ಒಂದು ಶಾಮಿಯಾನದ ಗಾಡಿ ಇದೆಯಂತೆ, 2016ರದ್ದು, ಬುಧವಾರ ಬೆಳಗ್ಗೆ ಹೋಗೋದು ಅಂತಾಯ್ತು.

ಭಾನುವಾರ, ಅಮ್ಮ ಬಂಗುಡೆ ತರೋಕೆ ಹೇಳಿದ್ದಳು. ತೀರ್ಥಹಳ್ಳಿಯಲ್ಲಿ ಘಟ್ಟದ ಕೆಳಗಿನಿಂದ ಬಂದ ಮೀನಿನ ಪಿಕಪ್ ನಿಂತಿತ್ತು. ನಾನೂ ಭಾವನೂ ಕಿವಿರು ಎತ್ತಿ ಎತ್ತಿ ಆರಿಸುತ್ತಿದ್ದರೆ, ಮೇಸ್ತ್ರಿ ಮಾತ್ರ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಾಡಿಯ ಅಡಿ ಇಣುಕುತ್ತಿದ್ದರು.