ಹಿಡಿ ಬಂತು, ವಾಲ್ವ್ ತೆರೆಯಲಿಲ್ಲ

ಟೆಕ್ಸಾಸ್‌ನಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಎಳೆದೊಯ್ಯುವ ಪ್ರವಾಸದ ಮನೆ, ರಿಪೇರಿ ಮಾಡುವ ಕಡೆ ನನ್ನ ಕೆಲಸ. 'ಬ್ಲ್ಯಾಕ್ ಟ್ಯಾಂಕ್ ವಾಲ್ವ್ ಜಾಮ್, ಒಂದು ಗಂಟೆ' ಎಂದು ಬರೆದ ವರ್ಕ್ ಆರ್ಡರ್ ಕಂಡರೆ ನನಗೆ ಈಗಲೂ ರೇಗುತ್ತದೆ. ಬರೆಯುವವರು ಕೌಂಟರಿನಲ್ಲಿ ಕುಳಿತಿರುತ್ತಾರೆ. ಬ್ಲ್ಯಾಕ್ ಟ್ಯಾಂಕ್ ಎಂದರೆ ಶೌಚದ ಟ್ಯಾಂಕ್; ಅದರ ಕೆಳಗೆ ಅಂಗಾತ ಮಲಗುವವರು ನಾವು.

ಆ ದಿನ ಬಂದ ಟ್ರೇಲರಿನ ಮಾಲೀಕರು ಟ್ಯಾಂಕ್ ಖಾಲಿ ಎಂದಿದ್ದರು. ವಾಲ್ವ್ ತೆರೆಯಲು ಎಳೆಯುವ ಹಿಡಿ ಸಲೀಸಾಗಿ ಹೊರಬಂದಿತ್ತು, ಆದರೆ ಏನೂ ಹರಿದಿರಲಿಲ್ಲ. ಒಳಗಿನ ಸೂಚಕ ಮಾತ್ರ 'ಭರ್ತಿ' ಎಂದು ತೋರಿಸುತ್ತಿತ್ತು. ಸೆನ್ಸರಿಗೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕೂ ಭರ್ತಿ ಎಂದೇ ತೋರುತ್ತದೆ. ಹಾಗಾಗಿ ಕೌಂಟರಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಪಕ್ಕದ ಬೇಯಿಂದ ನಾನು ಬರುವಷ್ಟರಲ್ಲಿ ಹೊಸ ಹುಡುಗ ತಳದ ಹಾಳೆ ಬಿಚ್ಚಿ, ವಾಲ್ವಿನ ನಾಲ್ಕು ಬೋಲ್ಟುಗಳಲ್ಲಿ ಎರಡನ್ನು ಸಡಿಲಿಸಿದ್ದ. ಪೈಪಿನ ತುದಿಯ ಅಗಲ ಅಂಚಾದ ಫ್ಲ್ಯಾಂಜ್ ಮತ್ತು ವಾಲ್ವಿನ ನಡುವಿನ ಸಂದಿಯಲ್ಲಿ ಕಂದು ಬಣ್ಣದ ಎಳೆಯೊಂದು ಮೂಡಿ, ತುದಿಯಲ್ಲಿ ಹನಿ ದಪ್ಪವಾಗುತ್ತಿತ್ತು. ಟ್ಯಾಂಕಿನ ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದೆ. ಟೊಳ್ಳು ಸದ್ದಿಲ್ಲ, ಮಂದ ಸದ್ದು; ಟ್ಯಾಂಕ್ ತುಂಬಿತ್ತು. ನಲವತ್ತು ಗ್ಯಾಲನ್ ಎಂದರೆ ಸುಮಾರು 150 ಲೀಟರ್, ಅದೂ ಅವನ ಎದೆಯ ನೇರಕ್ಕೆ. "ಸ್ಪ್ಯಾನರ್ ಇಲ್ಲಿ ಕೊಡು, ನೀನು ಹೊರಗೆ ಬಾ" ಎಂದೆ. ಒಂದನ್ನೇ ಪೂರ್ತಿ ಬಿಗಿದರೆ ಸೀಲ್ ಮಡಚಿಕೊಳ್ಳುತ್ತದೆ. ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ತಿರುಗಿಸುತ್ತಾ ಬಂದೆ. ಹನಿ ನಿಲ್ಲುವವರೆಗೆ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಪಂಪ್ ಲಾರಿ ಕರೆಸಿ, ಟಾಯ್ಲೆಟ್ಟಿನ ಮೂಲಕವೇ ಪೈಪ್ ಇಳಿಸಿ ಟ್ಯಾಂಕ್ ಖಾಲಿ ಮಾಡಿಸಿದೆವು. ವಾಲ್ವ್ ಬಿಚ್ಚಿದಾಗ ಅದರೊಳಗೆ ದಾರಿ ತಡೆಯುವ ಅಲಗು ಮುಚ್ಚಿಯೇ ಇತ್ತು. ಹಿಡಿಯಿಂದ ಅಲಗಿಗೆ ಹೋಗುವ ಕೇಬಲ್ ತುಕ್ಕು ಹಿಡಿದು ಅಲಗಿನ ಬುಡದಲ್ಲೇ ಕಡಿದಿತ್ತು. ಹಿಡಿ ಅಲುಗದಿದ್ದರೆ ಕೇಬಲ್ಲೋ ಅಲಗೋ ಕಚ್ಚಿಕೊಂಡಿದೆ ಎಂದು ತಿಳಿಯಬೇಕು. ತಡೆಯೇ ಇಲ್ಲದೆ ಬಂದರೆ ಕೊಂಡಿ ತಪ್ಪಿದೆ ಎಂದೇ ಅನುಮಾನಿಸಬೇಕು, ಟ್ಯಾಂಕ್ ತುಂಬಿದೆ ಎಂದೇ ಹೊರಡಬೇಕು.

ಮೂರಿಂಚಿನ ಹೊಸ ವಾಲ್ವ್ ಕೂರಿಸುವುದು ದೊಡ್ಡ ಕೆಲಸವಲ್ಲ. ಸೀಲಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸಿಬಿಡುತ್ತದೆ. ಹಳೆಯ ಕೇಬಲನ್ನು ಚಾಸಿಯ ಮೂಲೆಯಲ್ಲಿ ಚೂಪಾಗಿ ಬಗ್ಗಿಸಿದ್ದರು. ಹೊಸದನ್ನು ಅಗಲವಾದ ಬಾಗಿನಲ್ಲಿ ಎಳೆದೆ. ಕ್ಯಾಂಪಿನಲ್ಲಿ ಒಳಚರಂಡಿಗೆ ಜೋಡಿಸಿದ್ದರೂ ಈ ವಾಲ್ವನ್ನು ತೆರೆದಿಡಬೇಡಿ ಎಂದು ಮಾಲೀಕರಿಗೆ ಹೇಳಿದೆ. ನೀರಷ್ಟೇ ಹರಿದುಹೋಗಿ, ಗಟ್ಟಿ ಪದಾರ್ಥ ಉಳಿದು ಒಣಗಿ ಕಲ್ಲಾಗುತ್ತದೆ.

ಲಾರಿಯ ಬಾಡಿಗೆಯನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂದು ಮ್ಯಾನೇಜರ್ ಸಂಜೆಯವರೆಗೆ ವಾದಿಸಿದರು. ನಾನು ಕೇಳಿದ್ದು ಇಷ್ಟೇ: ಟಾಯ್ಲೆಟ್ ಪೆಡಲ್ ಒತ್ತಿ, ಟಾರ್ಚ್ ಹಿಡಿದು ಟ್ಯಾಂಕ್ ನೋಡಿದವರು ಯಾರು ಎಂಬ ಕಲಂ ವರ್ಕ್ ಆರ್ಡರಿನಲ್ಲಿರಲಿ, ಎದುರಿಗೆ ಅವರ ಸಹಿ ಇರಲಿ. ಇನ್ನೂ ಸೇರಿಸಿಲ್ಲ. ಅಲ್ಲಿಯವರೆಗೆ ನಮ್ಮ ಬೇಯಲ್ಲಿ ನಾನು ನೋಡಿ ಬರುವ ಮೊದಲು ಯಾರೂ ಬೋಲ್ಟಿಗೆ ಕೈ ಹಾಕುವಂತಿಲ್ಲ.