ಕುಣಿಯೊಳಗಿನ ಕಾಲು: ಹನ್ನೆರಡರಲ್ಲಿ ಏಳಕ್ಕೆ ಕಟ್ಟು ಬಿತ್ತು

ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನೇಕಾರರ ಫೋಟೊಗಳನ್ನು ಅವರದೇ ಓಣಿಯ ಸಮುದಾಯ ಭವನದಲ್ಲಿ ತೂಗುಹಾಕಬೇಕು ಎಂದು ಹೊರಟು ಮೂರು ತಿಂಗಳಾಯಿತು. ಒಟ್ಟು ಹನ್ನೆರಡು. ಈ ಭಾನುವಾರಕ್ಕೆ ಏಳು ಮುಗಿದಿವೆ, ಒಂದು ಮೌಂಟ್, ಅಂದರೆ ಫೋಟೊದ ಸುತ್ತ ಕೂರುವ ಕಿಟಕಿ ಕೊರೆದ ರಟ್ಟು, ನನ್ನ ಕೈಯಾರೆ ಕೆಟ್ಟಿದೆ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವೆಂದರೆ 6000×4000 ಪಿಕ್ಸೆಲ್. 12×18 ಇಂಚಿಗೆ ಮುದ್ರಿಸಿದರೆ ಇಂಚಿಗೆ 333 ಪಿಕ್ಸೆಲ್ ಸಿಗುತ್ತವೆ, 300 ಇದ್ದರೂ ಧಾರಾಳ. ಹಾಗಾಗಿ ಸ್ಪಷ್ಟತೆಯ ಚಿಂತೆ ಇರಲಿಲ್ಲ. ಕಾಡಿದ್ದು ಕತ್ತಲೆ. ನಾನು ಹೋಗುತ್ತಿದ್ದ ಮನೆಯಲ್ಲಿ ಇನ್ನೂ ಕುಣಿಮಗ್ಗವಿದೆ. ನೇಯುವವರು ನೆಲದಂಚಿಗೆ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಬಾಗಿಲಿನ ಬೆಳಕು ಕೈಗೂ ಬಟ್ಟೆಗೂ ಬೀಳುತ್ತದೆಯೇ ಹೊರತು ಕುಣಿಗೆ ಇಳಿಯುವುದಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಎಲ್ಲವೂ ಕಾಣುತ್ತಿತ್ತು. ಲ್ಯಾಬಿನಿಂದ ಪ್ರಿಂಟ್ ಬಂದಾಗ ಸೊಂಟದಿಂದ ಕೆಳಗೆ ಬರೀ ಮಸಿ.

ಆ ಪ್ರಿಂಟನ್ನೇ ಒಯ್ದು ಆ ಮಗ್ಗದಲ್ಲಿ ನೇಯುವ ಅಜ್ಜನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಕಾಲು ಎಲ್ಲಿ ಹೋದವು ತಮ್ಮಾ? ಮಗ್ಗ ನಡೆಸುವುದು ಅವೇ ಅಲ್ಲವೇ?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ.

ತಪ್ಪು ಪರದೆಯದು, ಅಂದರೆ ನನ್ನದು. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟುಕೊಂಡು ಚಿತ್ರ ತಿದ್ದುತ್ತಿದ್ದೆ. ಪರದೆ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಈಗ ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು, ಪರದೆಯ ಬಿಳಿ ಅದಕ್ಕೆ ಸರಿಹೊಂದುವವರೆಗೆ ಬ್ರೈಟ್‌ನೆಸ್ ಇಳಿಸಿಕೊಳ್ಳುತ್ತೇನೆ. ಇನ್ನೊಂದು ಉಪಾಯವನ್ನೂ ಮಾಡಿದೆ. ಕುಣಿಯ ಭಾಗವನ್ನಷ್ಟೇ ಕತ್ತರಿಸಿ, ಐದು ಬೇರೆ ಬೇರೆ ಮಟ್ಟಕ್ಕೆ ನೆರಳು ತಿಳಿಗೊಳಿಸಿ, ಐದು ಪಟ್ಟಿಗಳಾಗಿ ಒಂದೇ 8×12 ಹಾಳೆಯಲ್ಲಿ ಹಾಕಿಸಿದೆ. ಲ್ಯಾಬಿನವರಿಗೆ ಆಟೊ ಕರೆಕ್ಷನ್ ಬೇಡ ಎಂದು ಎರಡು ಸಲ ಹೇಳಬೇಕಾಯಿತು. ಮೊದಲ ಬಾರಿ ಯಂತ್ರ ಖಣದ ಕೆಂಪನ್ನು ಟೊಮೆಟೊ ಬಣ್ಣಕ್ಕೆ ತಂದಿಟ್ಟಿತ್ತು. ಪಟ್ಟಿಗಳನ್ನು ಸಮುದಾಯ ಭವನದ ಟ್ಯೂಬ್‌ಲೈಟಿನ ಕೆಳಗೇ ಹಿಡಿದು ನೋಡಿದೆ. ಮನೆಯ ಕಿಟಕಿಯ ಬಳಿ ಮೂರನೆಯದು ಚೆನ್ನಾಗಿತ್ತು, ಭವನದಲ್ಲಿ ನಾಲ್ಕನೆಯದೇ ಸರಿ. ಕಾಲು ಕಂಡವು, ಹೆಬ್ಬೆರಳು ಸಹಿತ. ಕುಣಿಯ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕೊಡವೂ ಕಂಡಿತು.

ಇನ್ನು ಮೌಂಟ್. ಅವ್ವ-ಅಪ್ಪನ ಮದುವೆಯ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ಕಟ್ಟು ಬಿಚ್ಚಿ ನೋಡಿದರೆ, ರಟ್ಟಿನ ಕಿಟಕಿ ತಾಗಿದ್ದಲ್ಲೆಲ್ಲ ಫೋಟೊದ ಸುತ್ತ ಚಹಾದ ಕಲೆಯಂಥ ಕಂದು ಗೆರೆ. ಮರದ ತಿರುಳಿನ ಅಗ್ಗದ ರಟ್ಟಿನಿಂದ ಹೊರಡುವ ಆಮ್ಲದ ಕೆಲಸ ಅದು. ಅದಕ್ಕೇ ಆಮ್ಲರಹಿತ ಮೌಂಟ್ ಬೋರ್ಡ್ ತಂದೆ. ಮೌಂಟ್ ಬರೀ ಅಲಂಕಾರ ಎಂದು ನಾನೂ ತಿಳಿದಿದ್ದೆ. ಅದರ ನಿಜವಾದ ಕೆಲಸ ಗಾಜು ಫೋಟೊಗೆ ತಾಗದಂತೆ ನೋಡಿಕೊಳ್ಳುವುದು. ಒಂದೂವರೆ ಮಿಲಿಮೀಟರ್‌ನಷ್ಟು ಗಾಳಿ ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಬಣ್ಣದ ವಿಚಾರದಲ್ಲಿ ಒಂದು ದಿನ ಹಾಳಾಯಿತು. ಖಣಕ್ಕೆ ಒಪ್ಪಲಿ ಎಂದು ಕೆಂಪು ಬೋರ್ಡ್ ಇಟ್ಟು ನೋಡಿದರೆ ಬಟ್ಟೆಯ ಕೆಂಪೇ ಸಪ್ಪಗಾಯಿತು. ಫ್ರೇಮ್ ಅಂಗಡಿಯವರು ಚಿನ್ನದ ಬಣ್ಣದ ಕಟ್ಟು ಹಾಕಿಸಿ ಎಂದು ಇಂದಿಗೂ ಒತ್ತಾಯಿಸುತ್ತಿದ್ದಾರೆ. ನಾನು ಕೆನೆಬಿಳಿ ಬೋರ್ಡಿಗೆ, ಕರಿಯ ತೆಳು ಕಟ್ಟಿಗೆ ನಿಂತಿದ್ದೇನೆ.

ಅಳತೆ ಹೀಗಿದೆ: ಕಟ್ಟಿನೊಳಗೆ 18×24 ಇಂಚು, ಕಿಟಕಿ 11¾×17¾. ಸುತ್ತಲೂ ಇಂಚಿನ ಎಂಟನೇ ಒಂದು ಭಾಗದಷ್ಟು ಫೋಟೊ ಕಿಟಕಿಯ ಅಡಿಗೆ ಸೇರುತ್ತದೆ. ಎಡಬಲ 3⅛, ಮೇಲೆ 2⅞, ಕೆಳಗೆ 3⅜. ನಾಲ್ಕೂ ಕಡೆ ಸಮ ಇಟ್ಟರೆ ಚಿತ್ರ ಕೆಳಗೆ ಜಾರಿದಂತೆ ತೋರುತ್ತದೆ. ಬೋರ್ಡಿನ ಹಿಂಬದಿಗೆ ಪೆನ್ಸಿಲ್ ಗೆರೆ ಎಳೆದು, 45 ಡಿಗ್ರಿಗೆ ವಾಲಿದ ಬ್ಲೇಡಿನಿಂದ ಕತ್ತರಿಸಬೇಕು. ಬ್ಲೇಡ್ ಓರೆಯಾಗಿರುವುದರಿಂದ ಗೆರೆ ಕೂಡುವಲ್ಲಿಗೆ ನಿಲ್ಲಿಸಿದರೆ ಮುಂಬದಿಯ ಮೂಲೆ ಬಿಡುವುದಿಲ್ಲ. ಬೋರ್ಡಿನ ದಪ್ಪದಷ್ಟು ಮುಂದೆ ಒಯ್ಯಬೇಕು. ಕೆಟ್ಟ ಮೌಂಟಿನಲ್ಲಿ ನಾನು ಒಯ್ದದ್ದು ಅರ್ಧ ಇಂಚು, ಮೊಬೈಲ್ ಗಂಟೆ ಬಾರಿಸಿತೆಂದು. ಮೊಂಡು ಬ್ಲೇಡ್ ಅಂಚನ್ನು ಕತ್ತರಿಸುವುದಿಲ್ಲ, ಹಿಂಜುತ್ತದೆ. ಎರಡು ಕಿಟಕಿಗೊಂದು ಹೊಸ ಬ್ಲೇಡ್ ಎಂಬುದು ಈಗಿನ ಲೆಕ್ಕ.

ಫೋಟೊ ಕೂರಿಸುವುದರಲ್ಲಿ ಆದ ಪೆಟ್ಟು ಇದಕ್ಕಿಂತ ದೊಡ್ಡದು. ಮೊದಲ ಎರಡನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಬಿಗಿದಿದ್ದೆ. ವಾರವಿಡೀ ಜಿಟಿಜಿಟಿ ಮಳೆ ಹಿಡಿದಾಗ ಹಿಗ್ಗಲು ಜಾಗ ಸಿಗದೆ ಕಾಗದ ಅಲೆ ಅಲೆಯಾಗಿ ಎದ್ದಿತು. ಈಗ ಮೇಲಂಚಿಗೆ ಮಾತ್ರ ಎರಡು ಕೀಲು: ತೆಳುವಾದ ಜಪಾನಿ ಕಾಗದದ ಪಟ್ಟಿ ಫೋಟೊದ ಬೆನ್ನಿಗೆ, ಅದರ ಮೇಲೆ ಅಡ್ಡಪಟ್ಟಿ ಹಿಂದಿನ ಬೋರ್ಡಿಗೆ. ಫೋಟೊ ಪಂಚಾಂಗದಂತೆ ತೂಗುತ್ತದೆ, ತನಗೆ ಬೇಕಾದಷ್ಟು ಹಿಗ್ಗಿ ಕುಗ್ಗುತ್ತದೆ. ಅಂಟಿಗೆ ಮೈದಾ ನಡೆಯುವುದಿಲ್ಲ, ಜಿಗುಟು (ಗ್ಲುಟೆನ್) ತೆಗೆದ ಗೋಧಿ ಪಿಷ್ಟ ಬೇಕು. ಎಲ್ಲಿಂದ ತರಿಸಲಿ ಎಂದು ಹುಡುಕುತ್ತಿದ್ದರೆ ಅವ್ವ ನಕ್ಕಳು. ಸಂಡಿಗೆಗೆ ಗೋಧಿ ಹಾಲು ತೆಗೆಯುವುದು ಅವಳಿಗೆ ಹೊಸದೇ? ಕಣಕವನ್ನು ನೀರಿನಲ್ಲಿ ಹಿಸುಕಿ, ರಬ್ಬರಿನಂಥ ಉಂಡೆಯನ್ನು ತೆಗೆದು, ನೀರನ್ನು ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ಬಿಟ್ಟಳು. ಬೆಳಿಗ್ಗೆ ತಳದಲ್ಲಿ ಬೆಳ್ಳನೆಯ ಪಿಷ್ಟ ನಿಂತಿತ್ತು. ಅದಕ್ಕೆ ನಾಲ್ಕು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಮತ್ತೊಮ್ಮೆ ಸೋಸಿದೆ. ಮಗ್ಗದ ಹಾಸಿನ ನೂಲಿಗೆ ಹಾಕುವ ಗಂಜಿಯೂ ಇದೇ ಜಾತಿಯದು ಎಂದರು ಅಜ್ಜ, ಬೆರಳಿನಿಂದ ಮುಟ್ಟಿ ನೋಡಿ.

ನೀಲಿ ಕೊಡ ಚಿತ್ರದ ಬಲ ತುದಿಯಲ್ಲಿದೆ. ಕಿಟಕಿಯನ್ನು ಅರ್ಧ ಇಂಚು ಕಿರಿದಾಗಿಸಿದರೆ ಮರೆಯಾಗುತ್ತದೆ. ಮರೆಮಾಡಲೇ ಎಂದು ಅಜ್ಜನನ್ನು ಕೇಳಿದೆ. "ಕುಡಿಯುವ ನೀರು ಅದು, ಇರಲಿ" ಎಂದರು. ಇದೆ.

32×40 ಇಂಚಿನ ಬೋರ್ಡಿನಲ್ಲಿ 16×20 ಆದರೆ ನಾಲ್ಕು ಬರುತ್ತವೆ, 18×24 ಆದರೆ ಎರಡೇ. ಈ ಲೆಕ್ಕವನ್ನು ಕಟ್ಟುಗಳಿಗೆ ಹೇಳುವ ಮೊದಲೇ ಹಾಕಬೇಕಿತ್ತು. ತಂದಿದ್ದ ನಾಲ್ಕು ಹಾಳೆ ಮುಗಿದಿವೆ, ಉಳಿದ ಐದಕ್ಕೆ ಇನ್ನೂ ಮೂರು ಬೇಕು. ಬಾಗಲಕೋಟೆಯಲ್ಲಿ ಕೇಳಿದ ಅಂಗಡಿಗಳಲ್ಲಿ ಆ ಕೆನೆಬಿಳಿ ಇಲ್ಲ, ಶನಿವಾರ ಹುಬ್ಬಳ್ಳಿ ಬಸ್ ಹಿಡಿಯುತ್ತೇನೆ.