ಲಾಸ್ಟ್ ಡೇಟಿಗೆ ಎರಡು ದಿನ ಮೊದಲೇ ಪ್ರಪೋಸಲ್ ಹೋಗಿರಲಿ

ಸಂಶೋಧನೆಗೆ ಅನುದಾನ ಕೇಳುವಾಗ ಪಿಐ (ಯೋಜನೆಯ ಮುಖ್ಯ ಸಂಶೋಧಕ) ‘ಸಬ್ಮಿಟ್’ ಒತ್ತಿದ ಮಾತ್ರಕ್ಕೆ ಅರ್ಜಿ ದೆಹಲಿಯ ಅನುದಾನ ಸಂಸ್ಥೆಗೆ ಮುಟ್ಟಿತು ಅಂತಲ್ಲ. ಹಲವು ಪೋರ್ಟಲ್‌ಗಳಲ್ಲಿ ಅದು ಮೊದಲು ಹೋಗುವುದು ನಿಮ್ಮದೇ ಸಂಸ್ಥೆಯ ಲಾಗಿನ್‌ಗೆ. ಅಲ್ಲಿ ಪ್ರಾಂಶುಪಾಲರೋ ಕುಲಸಚಿವರೋ ತೆರೆದು ನೋಡಿ ಫಾರ್ವರ್ಡ್ ಮಾಡಬೇಕು, ಅದಕ್ಕೆ ಅವರ ಮೊಬೈಲಿಗೆ ಒಟಿಪಿ ಬರಬೇಕು. ಸಂಜೆ 5 ಗಂಟೆ ಗಡುವಾಗಿದ್ದು, ನೀವು 4.40ಕ್ಕೆ ಸಬ್ಮಿಟ್ ಮಾಡಿದಾಗ ಸಾಹೇಬರು ಮೀಟಿಂಗಿನಲ್ಲಿದ್ದರೆ ಅರ್ಜಿ ಅಲ್ಲೇ ಉಳಿಯುತ್ತದೆ. ಪರದೆ ಮೇಲೆ ಹಸಿರು ಅಕ್ಷರದಲ್ಲಿ ‘ಯಶಸ್ವಿ’ ಅಂತ ಬಂದಿರುತ್ತದೆ, ಆದರೆ ಸ್ಟೇಟಸ್ ಕಾಲಂ ತೆರೆದರೆ ‘ಸಂಸ್ಥೆಯ ಹಂತದಲ್ಲಿ ಬಾಕಿ’. ಆರು ತಿಂಗಳ ದುಡಿಮೆ ಒಂದು ಒಟಿಪಿಗಾಗಿ ಕೈತಪ್ಪುವುದು ತುಂಬಾ ನೋವಿನ ವಿಷಯ. ಅದನ್ನು ತಪ್ಪಿಸುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಹಾಗಾಗಿ ಕಾಲ್ (ಅರ್ಜಿ ಕರೆಯುವ ಪ್ರಕಟಣೆ) ಬಂದ ದಿನ ಮೊದಲು ನೋಡಬೇಕಾದ್ದು ಲಾಗಿನ್. ಸರ್ಕಾರಿ ಕಾಲೇಜುಗಳಲ್ಲಿ ವರ್ಗಾವಣೆ ಆಗುತ್ತಲೇ ಇರುತ್ತದೆ. ಪೋರ್ಟಲ್‌ನಲ್ಲಿ ಮಾತ್ರ ಹಿಂದಿನ ಪ್ರಾಂಶುಪಾಲರ ಮೊಬೈಲ್, ಹಿಂದಿನ ಮೇಲ್ ಐಡಿಯೇ ಇರುತ್ತವೆ. ಬದಲಿಸಲು ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಇರುವ ಪತ್ರ ಕಳಿಸಿ ಕಾಯಬೇಕು. ಹೆಲ್ಪ್‌ಡೆಸ್ಕ್ ಸಾಮಾನ್ಯವಾಗಿ ಕಚೇರಿ ವೇಳೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಹೋಗಿ ಅದರ ಜಾಗಕ್ಕೆ ಎಎನ್‌ಆರ್‌ಎಫ್ ಬಂದಿದೆ (2023ರ ಕಾಯ್ದೆ, ಜಾರಿಗೆ ಬಂದದ್ದು 2024ರ ಫೆಬ್ರವರಿಯಲ್ಲಿ), ಹಳೆಯ ಲಾಗಿನ್ ಇದೆಯಲ್ಲ ಅಂತ ಸುಮ್ಮನಿರಬೇಡಿ, ಒಮ್ಮೆ ಒಳಹೊಕ್ಕು ನೋಡಿ. ಕೋ-ಪಿಐಗಳಿಗೂ (ಸಹ ಸಂಶೋಧಕರಿಗೂ) ಇದನ್ನೇ ಹೇಳಿ. ಕೆಲವೆಡೆ ಅವರಿಗೆ ಹೋದ ಲಿಂಕನ್ನು ಅವರು ಒಪ್ಪಿಕೊಳ್ಳುವ ತನಕ ನಿಮಗೆ ಸಬ್ಮಿಟ್ ಬಟನ್ನೇ ಕಾಣುವುದಿಲ್ಲ, ಆ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಹೆಸರಿನ ಇನಿಷಿಯಲ್ ಕೂಡ ನೋಡಿಕೊಳ್ಳಿ. ಆಧಾರ್‌ನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದು, ಪ್ಯಾನ್‌ನಲ್ಲಿ ಬರೀ ಅಕ್ಷರಗಳಿದ್ದರೆ ಎರಡೂ ತಾಳೆಯಾಗುವುದಿಲ್ಲ.

ನಂತರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ. ಎರಡನೇ, ನಾಲ್ಕನೇ ಶನಿವಾರ ರಾಜ್ಯ ಸರ್ಕಾರಿ ಕಚೇರಿ ಇರುವುದಿಲ್ಲ. ದುರ್ಗಾಂಬಿಕೆ ಜಾತ್ರೆ ಇರುವ ವರ್ಷ ಆ ವಾರದಲ್ಲಿ ದಾವಣಗೆರೆಯಲ್ಲಿ ಸಹಿ ಹಾಕಿಸುವುದು ಕಷ್ಟವೇ. ಎಥಿಕ್ಸ್ ಕಮಿಟಿ (ಜನರ ಮೇಲೆ ನಡೆಸುವ ಸಂಶೋಧನೆಗೆ ಅನುಮತಿ ಕೊಡುವ ಸಮಿತಿ) ನಿಮಗೆ ಬೇಕಾದ ದಿನ ಸೇರುವುದಿಲ್ಲ, ಅದರ ಪತ್ರಕ್ಕೆ ತಿಂಗಳ ಮೊದಲೇ ಕಡತ ಕೊಡಿ. ಎಂಡಾರ್ಸ್‌ಮೆಂಟ್ ಪತ್ರಕ್ಕೆ (ಯೋಜನೆಗೆ ನಿಮ್ಮ ಕಾಲೇಜಿನ ಬೆಂಬಲವಿದೆ ಎನ್ನುವ ಪತ್ರ) ಹತ್ತು ದಿನ ಮೊದಲು. ಅದರ ಒಕ್ಕಣೆ ಅನುದಾನ ಸಂಸ್ಥೆ ಕೊಟ್ಟ ನಮೂನೆಯಲ್ಲಿ ಹೇಗಿದೆಯೋ ಹಾಗೇ ಇರಬೇಕು, ಟೈಪಿಸ್ಟ್ ಒಂದು ಸಾಲು ಚಂದ ಮಾಡಲು ಹೋದರೂ ವಾಪಸ್ ಬರಬಹುದು.

ಇನ್ನು ಪೇಸ್ಟ್ ಮಾಡುವ ವಿಷಯ. ಇಲ್ಲೇ ಹೆಚ್ಚು ಸಮಯ ಇಟ್ಟುಕೊಳ್ಳಬೇಕು.

ಪೋರ್ಟಲ್‌ನೊಳಗೆ ಕೂತು ಟೈಪ್ ಮಾಡಬೇಡಿ. ನೀವು ಬರೆಯುತ್ತಿದ್ದರೂ ಸರ್ವರ್‌ಗೆ ಏನೂ ಹೋಗುತ್ತಿರುವುದಿಲ್ಲ, ನೀವು ಎದ್ದುಹೋಗಿದ್ದೀರಿ ಅಂದುಕೊಂಡು ಅದು ಸೆಷನ್ ಮುಗಿಸುತ್ತದೆ. ಸೇವ್ ಒತ್ತಿದರೆ ಲಾಗಿನ್ ಪುಟ ಬರುತ್ತದೆ, ಬರೆದದ್ದು ಹೋಗಿರುತ್ತದೆ. ವರ್ಡ್‌ನಲ್ಲಿ ಬರೆದು, ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ಪೋರ್ಟಲ್‌ಗೆ ತನ್ನಿ. ಹಾಗೆ ಮಾಡಿದರೆ ವರ್ಡ್‌ನ ಅಡಗಿದ ಫಾರ್ಮ್ಯಾಟಿಂಗ್ ಬಿಟ್ಟುಹೋಗುತ್ತದೆ. ಮಿತಿ 3,000 ಅಕ್ಷರ ಎಂದಿದ್ದರೆ ಖಾಲಿ ಜಾಗವನ್ನೂ ಸೇರಿಸಿ ಎಣಿಸುತ್ತದೆಂದೇ ಇಟ್ಟುಕೊಳ್ಳಿ. ಅದಕ್ಕಿಂತ ಮೋಸದ್ದು ‘ಇದಕ್ಕಿಂತ ಕಡಿಮೆ’ ಎಂಬ ಗಣಿತದ ಕೋನಚಿಹ್ನೆ. ವೆಬ್ ಪುಟದ ಭಾಷೆಯಲ್ಲಿ ಟ್ಯಾಗ್ ಶುರುವಾಗುವುದು ಅದೇ ಚಿಹ್ನೆಯಿಂದ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಎಂದು ಚಿಹ್ನೆ ಹಾಕಿ ಬರೆದರೆ, ಕೆಲವು ಪೋರ್ಟಲ್ ಅದನ್ನು ಟ್ಯಾಗ್ ಎಂದು ಓದಿ ಮುಂದಿನ ಸಾಲುಗಳನ್ನೇ ನುಂಗಿಬಿಡುತ್ತದೆ. ಬಾಕ್ಸ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಕೊನೆಗೆ ತಯಾರಾಗುವ ಪಿಡಿಎಫ್‌ನಲ್ಲಿ ಅರ್ಧ ಪ್ಯಾರಾ ಇರುವುದಿಲ್ಲ. ಚಿಹ್ನೆ ಬಿಟ್ಟು ಮಾತಿನಲ್ಲಿ ಬರೆಯಿರಿ. ಮೈಕ್ರೋ, ಡಿಗ್ರಿ ಚಿಹ್ನೆಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೇ ಎಂದೂ ನೋಡಿ. ಮೈಕ್ರೋಗ್ರಾಂ ಹೋಗಿ ಬರೀ ಗ್ರಾಂ ಆಗಿ ಉಳಿದರೆ ವಿಮರ್ಶಕರು ಏನಂದುಕೊಂಡಾರು?

ನಮ್ಮ ಕಡೆಯದೇ ಇನ್ನೊಂದು ತೊಂದರೆ ನುಡಿ ಫಾಂಟ್. ಹರಿಹರ, ಚಳ್ಳಕೆರೆ, ಹಿರಿಯೂರಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವವರು ಕನ್ನಡದ ಒಪ್ಪಿಗೆ ಪತ್ರ ಲಗತ್ತಿಸಬೇಕಾಗುತ್ತದೆ. ಕಚೇರಿಯಲ್ಲಿ ಅದನ್ನು ಹಳೆಯ ನುಡಿಯಲ್ಲಿ ಟೈಪ್ ಮಾಡಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿದರೆ ಕನ್ನಡದ ಬದಲು ವಿಚಿತ್ರ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕೂತು ಪೂರ್ತಿ ಓದಿ. ಅರ್ಕಾವತ್ತು ಜಾಗ ತಪ್ಪಿರುತ್ತದೆ, ಒತ್ತಕ್ಷರ ಬೇರೆಯಾಗಿ ನಿಂತಿರುತ್ತದೆ. ಒಪ್ಪಿಗೆ ಪತ್ರದಲ್ಲಿ ರೈತನಿಗೆ ಅರ್ಥವಾಗದ ಪದ ಇರುವುದು ಬರೀ ತಾಂತ್ರಿಕ ದೋಷ ಅಲ್ಲ.

ಸ್ಕ್ಯಾನ್: ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಪಿಕ್ಸೆಲ್, 150ರಲ್ಲಿ ಅದರ ಕಾಲು ಭಾಗ. ಸಹಿ, ಸೀಲು ಓದಲು 150 ಗ್ರೇಸ್ಕೇಲ್ ಸಾಕು. ಆದರೆ ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನು ಕಂಪ್ರೆಸ್ ಮಾಡಬೇಡಿ, ಬೇರೆ ಫೈಲಿನ ಜೊತೆ ಮರ್ಜ್ ಮಾಡಬೇಡಿ, ಮಾಡಿದರೆ ಸಹಿ ಅಮಾನ್ಯವಾಗುತ್ತದೆ. ಮೊದಲು ಗಾತ್ರ ಇಳಿಸಿ, ಆಮೇಲೆ ಸಹಿ. ಫೈಲ್ ಹೆಸರಿನಲ್ಲಿ ಖಾಲಿ ಜಾಗ, ಕಾಮಾ, ಕನ್ನಡ ಅಕ್ಷರ ಬೇಡ.

ಬಜೆಟ್‌ನಲ್ಲಿ ಬೆಂಗಳೂರಿನವರ ಹಳೆಯ ಪ್ರಪೋಸಲ್ ನಕಲು ಮಾಡಿದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕ ತಪ್ಪುತ್ತದೆ. ಕೇಂದ್ರದ ಪಟ್ಟಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಝಡ್ ದರ್ಜೆ. 2024ರ ಜನವರಿಯ ದರದಲ್ಲಿ ಬೆಂಗಳೂರಿಗೆ ಶೇ 30, ನಮಗೆ ಶೇ 10. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) 37,000 ಎಂದರೆ ತಿಂಗಳಿಗೆ 7,400 ರೂಪಾಯಿ ವ್ಯತ್ಯಾಸ, ಎರಡು ವರ್ಷಕ್ಕೆ 1,77,600. ಪೋರ್ಟಲ್ ಕೂಡಿದ ಮೊತ್ತವೂ ನಿಮ್ಮ ಪಿಡಿಎಫ್‌ನ ಮೊತ್ತವೂ ಬೇರೆ ಬೇರೆ ಬಂದಾಗ ಮೊದಲು ಈ ಸಾಲು ನೋಡಿ.

ಯುರೋಪಿಯನ್ ಕಮಿಷನ್ ಅರ್ಜಿಯಾದರೆ ಸಂಜೆ 5 ಎನ್ನುವುದು ಬ್ರಸೆಲ್ಸ್ ಸಮಯ. ನಮಗೆ ಬೇಸಿಗೆಯಲ್ಲಿ ರಾತ್ರಿ 8.30, ಚಳಿಗಾಲದಲ್ಲಿ 9.30. ಅಲ್ಲಿ ಗಡುವಿನ ತನಕ ಎಷ್ಟು ಸಲವಾದರೂ ಬದಲಿಸಿ ಮತ್ತೆ ಸಲ್ಲಿಸಬಹುದು, ಕೊನೆಯದೇ ಲೆಕ್ಕ. ನಮ್ಮಲ್ಲಿ ಬಹಳಷ್ಟು ಕಡೆ ಫೈನಲ್ ಸಬ್ಮಿಟ್ ಆದಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಪ್ರಿವ್ಯೂ ಪಿಡಿಎಫ್ ಇಳಿಸಿಕೊಂಡು ಪ್ರತಿ ಪುಟ ತೆರೆದು, ಸಾಧ್ಯವಾದರೆ ಪ್ರಿಂಟ್ ತೆಗೆದು, ಬರೆಯದೇ ಇದ್ದ ಇನ್ನೊಬ್ಬರಿಂದ ಓದಿಸಿ ಆಮೇಲೆ ಸಬ್ಮಿಟ್ ಒತ್ತಿ. ಎರಡು ದಿನ ಉಳಿಸಿಕೊಳ್ಳಿ ಎನ್ನುವುದು ಮುಖ್ಯವಾಗಿ ಈ ಓದಿಗಾಗಿ. ಕರೆಂಟು, ನೆಟ್ಟು ಕೈಕೊಟ್ಟರೂ ಆ ಎರಡು ದಿನವೇ ಆಸರೆ.

ಎರರ್ ಬಂದರೆ ಅದೇ ಬಟನ್ ಹತ್ತು ಸಲ ಒತ್ತಬೇಡಿ, ಅರ್ಜಿ ಎರಡೆರಡಾಗಿ ದಾಖಲಾಗಬಹುದು. ಬೇರೆ ಬ್ರೌಸರಿನಲ್ಲಿ ಒಮ್ಮೆ ನೋಡಿ. ಆಗಲೂ ಆಗದಿದ್ದರೆ ಹೆಲ್ಪ್‌ಡೆಸ್ಕಿಗೆ ಮೇಲ್ ಮಾಡಿ: ಪ್ರಪೋಸಲ್ ಐಡಿ, ಕಾಲ್‌ನ ಹೆಸರು, ದಿನಾಂಕ, ಸಮಯ, ಬ್ರೌಸರ್, ಎರರ್‌ನ ಪೂರ್ತಿ ಒಕ್ಕಣೆ, ಗಡಿಯಾರ ಕಾಣುವಂಥ ಸ್ಕ್ರೀನ್‌ಶಾಟ್. ಸಂಸ್ಥೆಯ ಅಧಿಕೃತ ಮೇಲ್‌ನಿಂದಲೇ ಹೋಗಲಿ, ಕುಲಸಚಿವರಿಗೆ ಸಿಸಿ ಇರಲಿ. ಗಡುವಿಗೆ ಮೊದಲೇ ಕಳಿಸಿದ ಮೇಲ್ ಇದ್ದರೆ ಮಾತ್ರ ನಾಳೆ ಕೇಳಲು ಒಂದು ದಾಖಲೆ ಇರುತ್ತದೆ.